ಕುತ್ತಿಗೆ ಮುರಿದ ನವಿಲು

ಮಕ್ಕಳೇ, ಸಂಕ್ರಾಂತಿ ಮುಗಿದು ವಾರವಾಯಿತು. ನಿಮ್ಮ ಮನೆಯ ಡಬ್ಬಿಯಲ್ಲಿ ಎಳ್ಳು ಇನ್ನೂ ಉಳಿದಿರಬೇಕು. ಬೆಲ್ಲದ ಚೂರನ್ನೂ ಕೊಬ್ಬರಿಯನ್ನೂ ಆರಿಸಿ ತಿಂದು ಹುರಿಗಡಲೆಯನ್ನು ತಳದಲ್ಲಿ ಬಿಟ್ಟಿದ್ದೀರಿ ಎಂಬುದೂ ನನಗೆ ಗೊತ್ತು. ಯಾಕೆಂದರೆ ನಾನೂ ಹಾಗೇ ಮಾಡಿದ್ದೇನೆ.

ನನ್ನ ಹೆಂಡತಿ ಹೋಗಿ ನಾಲ್ಕು ವರ್ಷ. ಮೊದಲ ವರ್ಷ ಹಬ್ಬವೇ ಇರಲಿಲ್ಲ. ಆಮೇಲೆ ಹಬ್ಬ ಬಂತು, ಆದರೆ ಸಂಕ್ರಾಂತಿಯ ಸಂಜೆ ನಮ್ಮ ಮನೆಯ ಬೆಲ್ಲು ಹೊಡೆಯುವುದು ನಿಂತುಹೋಯಿತು. ಜಯನಗರದ ನಮ್ಮ ಕಟ್ಟಡದಲ್ಲಿ ಹದಿನಾರು ಮನೆ. ಮುಂಚೆ ಆ ದಿನ ಐದು ಗಂಟೆಯಾದರೆ ರೇಷ್ಮೆ ಲಂಗದ ಹುಡುಗಿಯರು ತಟ್ಟೆ ಹಿಡಿದು ಸಾಲಾಗಿ ಬರುತ್ತಿದ್ದರು. ಎಳ್ಳು ಬೀರುವುದು ಹೆಂಗಸರ ಲೆಕ್ಕ. ಹೆಂಗಸರಿಲ್ಲದ ಮನೆಗೆ ಯಾಕೆ ಬಂದಾರು? ಯಾರ ತಪ್ಪೂ ಅಲ್ಲ. ಆದರೂ ಮೂರು ಸಂಕ್ರಾಂತಿಗಳಲ್ಲಿ ನಾನು ಟಿವಿಯ ಸದ್ದು ಕಡಿಮೆ ಮಾಡಿಕೊಂಡೇ ಕೂತಿದ್ದೆ. ಬೆಲ್ಲು ಹೊಡೆದರೆ ಕೇಳಿಸಲಿ ಅಂತ.

ಈ ಸಲ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಕೂತಾಗ ಇದನ್ನು ಬಾಯಿತಪ್ಪಿ ಹೇಳಿಬಿಟ್ಟೆ. ನಾವು ಮೂವರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು, ಟೆಲಿಫೋನ್ ಇಲಾಖೆಯಲ್ಲಿದ್ದವರು, ಮತ್ತು ನಾನು. ಮೇಷ್ಟ್ರು ಕೇಳಿದರು, "ಸಕ್ಕರೆ ಅಚ್ಚಿನ ಮರ ಇದೆಯೇನ್ರೀ ಮನೇಲಿ?" ಇದೆ, ಅಟ್ಟದ ಮೇಲೆ. "ಹಾಗಾದ್ರೆ ಇಳಿಸಿ. ನಾವೇ ಮಾಡೋಣ, ನಾವೇ ಬೀರೋಣ."

ಸಕ್ಕರೆ ಅಚ್ಚನ್ನು ತಿಳಿದವರು ಹಬ್ಬಕ್ಕೆ ವಾರ ಮುಂಚೆಯೇ ಮಾಡಿಡುತ್ತಾರೆ. ನಾವು ಹಬ್ಬದ ದಿನ ಬೆಳಿಗ್ಗೆ ಏಳೂವರೆಗೆ ಒಲೆ ಹಚ್ಚಿದೆವು.

ಹಳೇ ಸೀರೆಯ ಗಂಟಿನಲ್ಲಿ ಹನ್ನೊಂದು ಅಚ್ಚುಗಳಿದ್ದವು. ನನ್ನಾಕೆಗೆ ಅವರ ತಾಯಿ ಕೊಟ್ಟದ್ದು. ನೋಡದವರಿಗೆ ಹೇಳುತ್ತೇನೆ: ಒಂದೊಂದು ಅಚ್ಚೂ ಮರದ ಎರಡು ಹೋಳು. ಒಳಮೈಯಲ್ಲಿ ಆನೆ, ಗಿಳಿ, ನವಿಲು, ಗೋಪುರ, ಬೃಂದಾವನವನ್ನು ಅರ್ಧರ್ಧ ಕೊರೆದಿರುತ್ತಾರೆ. ಹೋಳುಗಳನ್ನು ಜೋಡಿಸಿ ಬಿಗಿಯಾಗಿ ಕಟ್ಟಿ, ಮೇಲಿನ ತೂತಿನಿಂದ ಬಿಸಿ ಪಾಕ ಸುರಿಯಬೇಕು. ಕಟ್ಟುವ ಕೆಲಸ ನನ್ನದು. ನೋಟಿನ ಬಂಡಲುಗಳನ್ನು ದಾರದಲ್ಲಿ ಬಿಗಿದ ಕೈ ಇದು. ಗಂಟು ಇನ್ನೂ ಮರೆತಿಲ್ಲ. ರಬ್ಬರ್ ಬ್ಯಾಂಡ್ ಸಾಕು ಅಂದರು ಟೆಲಿಫೋನಿನವರು. ನಾನು ಒಪ್ಪಲಿಲ್ಲ.

ಮೊದಲ ಒಬ್ಬೆ ಪೂರ್ತಿ ಹಾಳಾಯಿತು. ಅರ್ಧ ಬಾಣಲೆಯಲ್ಲೇ ಗಟ್ಟಿಯಾಗಿ ಕೂತಿತು. ಅಚ್ಚಿಗೆ ಹೋದದ್ದು ಮರಕ್ಕೆ ಅಂಟಿಕೊಂಡಿತು. ಚಾಕುವಿನ ತುದಿಯಿಂದ ಎಬ್ಬಿಸಿದಾಗ ಆನೆಗೆ ಸೊಂಡಿಲಿರಲಿಲ್ಲ, ನವಿಲಿನ ಕುತ್ತಿಗೆ ತಟ್ಟೆಯಲ್ಲಿ ಬೇರೆ ಬಿದ್ದಿತ್ತು. ಮೂವರಿಗೂ ಸೇರಿ ಇನ್ನೂರಿಪ್ಪತ್ತು ವರ್ಷದ ಮೇಲಾಗಿದೆ, ಒಂದು ನವಿಲು ಮಾಡಲು ಬರಲಿಲ್ಲ!

ಸುಟ್ಟ ಸಕ್ಕರೆಯ ವಾಸನೆ ಎರಡನೇ ಮಹಡಿಗೆ ಹೋಗಿರಬೇಕು. ಅಲ್ಲಿರುವ ಅಜ್ಜಿ ಕೋಲೂರಿಕೊಂಡು ಇಳಿದು ಬಂದರು. ಎಂಬತ್ತು ದಾಟಿದವರು, ಒಬ್ಬರೇ ಇರುತ್ತಾರೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರು. "ಅಚ್ಚು ನೆನೆಹಾಕಿದ್ರೇನ್ರೀ ಬ್ಯಾಂಕಿನೋರೇ?" ಅಂದರು. ನಾನು ಇಲ್ಲ ಅಂದೆ. "ಒಣ ಮರಕ್ಕೆ ಪಾಕ ಹುಯ್ದರೆ ಬಿಡತ್ತೆಯೇ?"

ಅಲ್ಲಿಂದ ಮುಂದೆ ಅವರು ಕುರ್ಚಿಯಲ್ಲಿ, ನಾವು ಒಲೆಯ ಮುಂದೆ. ಅಚ್ಚುಗಳೆಲ್ಲ ಬಕೆಟ್ಟಿನ ನೀರಿಗೆ ಹೋದವು. ಎರಡು ಕೆಜಿ ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಬಿಟ್ಟೆವು. ಕೊಳೆಯೆಲ್ಲ ನೊರೆಯಾಗಿ ಮೇಲೆ ಬಂತು. ಬಿಳಿ ಪಂಚೆಯಲ್ಲಿ ಸೋಸಿದೆವು. ಹಾಲಿನಲ್ಲಿರುವ ಪ್ರೋಟೀನು ಬಿಸಿಗೆ ಒಡೆದು ಕೊಳೆಯನ್ನು ಹಿಡಿದುಕೊಂಡು ಮೇಲೇಳುತ್ತದೆ, ಇಷ್ಟೇ ಗುಟ್ಟು. ಸೋಸಿದ್ದನ್ನೆಲ್ಲ ಒಟ್ಟಿಗೆ ಕಾಯಿಸಕೂಡದು. ಒಂದು ಸೌಟಿನಷ್ಟನ್ನೇ ಸಣ್ಣ ಪಾತ್ರೆಗೆ ಹಾಕಿ, ಎಳೆ ಪಾಕ ಬಂದ ಕೂಡಲೇ ಇಳಿಸಿ, ಚಮಚದಲ್ಲಿ ಪಾತ್ರೆಯ ಪಕ್ಕಕ್ಕೆ ಉಜ್ಜುತ್ತ ತಿರುವಬೇಕು. ನೀರಿನ ಹಾಗಿದ್ದ ಪಾಕ ನೋಡುನೋಡುತ್ತ ಮೋಡ ಕವಿದಂತೆ ಬೆಳ್ಳಗಾಗುತ್ತದೆ. ಕರಗಿದ ಸಕ್ಕರೆ ಸಣ್ಣ ಸಣ್ಣ ಹರಳಾಗಿ ಮರಳುವ ಗಳಿಗೆ ಅದು. ಆಗ ಸುರಿಯಬೇಕು. ಹತ್ತು ಸೆಕೆಂಡು ತಡವಾದರೆ ಪಾತ್ರೆಯಲ್ಲೇ ಕಲ್ಲು.

"ಹಾಳಾದದ್ದನ್ನ ಎಸೀಬೇಡಿ" ಅಂದರು ಅಜ್ಜಿ. "ನೀರು ಹಾಕಿ ಮತ್ತೆ ಕುದಿಸಿ." ಆನೆ ಮತ್ತೆ ಪಾಕಕ್ಕೆ ಹೋಯಿತು. ಕುತ್ತಿಗೆಯಿಲ್ಲದ ನವಿಲೊಂದನ್ನು ಮಾತ್ರ ನಾನು ಬೇರೆ ಇಟ್ಟೆ, ನೆನಪಿಗೆ.

ಹತ್ತು ಗಂಟೆಗೆ ಮೊದಲ ಮಹಡಿಯ ಹುಡುಗಿ ಬಂದಳು, ಐದನೇ ಕ್ಲಾಸು. ಅವಳ ಹಿಂದೆ ಇನ್ನೂ ಮೂವರು. ಹುರಿದ ಕಡಲೆಕಾಯಿ ಬೀಜದ ಸಿಪ್ಪೆ ಉಜ್ಜಿ, ಮೊರದಲ್ಲಿ ಊದಿ ಹಾರಿಸುವ ಕೆಲಸ ಅವರಿಗೆ. ಸಿಪ್ಪೆ ಫ್ಯಾನಿನ ಗಾಳಿಗೆ ದೇವರ ಮನೆಯವರೆಗೂ ಹೋಯಿತು. ಟೆಲಿಫೋನಿನವರು ಕೊಬ್ಬರಿಯ ಕಂದು ಬೆನ್ನನ್ನು ಹೆರೆದು ಸಣ್ಣಗೆ ಹೆಚ್ಚಿದರು; ಬೆಲ್ಲ ಕತ್ತರಿಸುವಾಗ ಅವರ ಕೈ ನಡುಗುವುದು ಕಂಡು ಮೇಷ್ಟ್ರು ಸದ್ದಿಲ್ಲದೆ ಚಾಕು ಇಸಿದುಕೊಂಡರು.

ಒಂದು ಹುಡುಗಿ ಕೇಳಿದಳು, "ಎಲ್ಲ ಹಬ್ಬಾನೂ ಬೇರೆ ಬೇರೆ ದಿನ ಬರತ್ತೆ, ಇದು ಮಾತ್ರ ಯಾಕೆ ತಾತ ಜನವರಿ 14, 15ಕ್ಕೇ ಬರೋದು?" ಮೇಷ್ಟ್ರಿಗೆ ಇಷ್ಟು ಸಾಕಾಯಿತು. ಬೇರೆ ಹಬ್ಬಗಳಿಗೆ ಚಂದ್ರನ ಲೆಕ್ಕ, ಇದಕ್ಕೆ ಸೂರ್ಯನ ಲೆಕ್ಕ. ಸೂರ್ಯ ಮಕರ ರಾಶಿಗೆ ಬರುವ ದಿನ ಇದು. ಆದರೆ ಈ ತಾರೀಖೂ ನಿಂತಲ್ಲಿ ನಿಲ್ಲುವುದಿಲ್ಲ. ಭೂಮಿ ತಿರುಗುವ ಬುಗುರಿಯ ಹಾಗೆ ತಲೆಯನ್ನು ಬಹಳ ನಿಧಾನವಾಗಿ ಓಲಾಡಿಸುತ್ತದೆ, ಹಾಗಾಗಿ ಸುಮಾರು 70 ವರ್ಷಕ್ಕೊಮ್ಮೆ ಸಂಕ್ರಾಂತಿ ಒಂದು ದಿನ ಮುಂದೆ ಹೋಗುತ್ತದೆ. ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿಯ ದಿನ. ಆ ದಿನದ ತಾರೀಖು 1863ರ ಜನವರಿ 12. ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21, 22ರ ಹೊತ್ತಿಗೆ. "ಹಾಗಾದ್ರೆ ನಾವು ಹಬ್ಬ ಲೇಟಾಗಿ ಮಾಡ್ತಿದೀವಾ?" ಅಂದಳು ಹುಡುಗಿ. ಮೇಷ್ಟ್ರು ಪಾಕ ತಿರುವುದನ್ನು ಮರೆತರು. ಮತ್ತೊಂದು ಪಾತ್ರೆ ಕಲ್ಲಾಯಿತು.

ಎರಡೂವರೆಗೆ ಲೆಕ್ಕ ಹಾಕಿದೆ. ಸರಿಯಾದ ಅಚ್ಚು 64. ಆನೆ ಹೆಚ್ಚು, ಗಿಳಿ ಕಡಿಮೆ. ನಾವು ಊಟ ಮಾಡಿದ್ದು ಮೂರಕ್ಕೆ, ಪಕ್ಕದ ಮನೆಯವರು ಕಳಿಸಿದ ಅವರೆಕಾಳಿನ ಹುಗ್ಗಿ. ಗವಿಪುರದ ಗವಿ ಗಂಗಾಧರೇಶ್ವರನ ಗುಡಿಗೆ ಹೋಗಬೇಕೆಂದು ಟೆಲಿಫೋನಿನವರಿಗೆ ಆಸೆಯಿತ್ತು. ಈ ದಿನ ಸಂಜೆ ಸೂರ್ಯನ ಕಿರಣ ನಂದಿಯ ಕೋಡುಗಳ ನಡುವೆ ಹಾದು ಗುಹೆಯೊಳಗಿನ ಲಿಂಗವನ್ನು ಮುಟ್ಟುತ್ತದಲ್ಲ, ಅದನ್ನು ನೋಡಲು. ಸೊಂಟ ನೋಯುತ್ತಿದ್ದುದರಿಂದ ಟಿವಿಯಲ್ಲೇ ನೋಡಿದರು.

ಅಜ್ಜಿ ಏಳುವಾಗ, "ಸಂಜೆ ಆರಕ್ಕೆ ಟೆರೇಸಿನಲ್ಲಿ, ಬರಬೇಕು" ಅಂದೆ.

"ನಾನು ಬರಲ್ಲ" ಅಂದರು. ನನಗೆ ಅರ್ಥವಾಯಿತು. ಯಜಮಾನರು ಹೋದ ಮೇಲೆ ಆ ಅಜ್ಜಿ ಸಂಕ್ರಾಂತಿಯ ಸಂಜೆ ಬೇಗ ಬಾಗಿಲು ಹಾಕಿಕೊಳ್ಳುತ್ತಾರೆ. ಅರಿಶಿನ ಕುಂಕುಮದ ಜೊತೆ ಕೊಡುವ ಎಳ್ಳನ್ನು ಅವರ ಮನೆಗೆ ಒಯ್ಯುವುದೋ ಬೇಡವೋ ಎಂದು ಬಂದವರು ಅನುಮಾನಿಸುವುದನ್ನು ನೋಡುವುದಕ್ಕಿಂತ ಅದೇ ಮೇಲು ಎಂದುಕೊಂಡಿರಬೇಕು. ನನಗೆ ಬೆಲ್ಲು ಹೊಡೆಯಲಿಲ್ಲ ಅಂತ ಮೂರು ವರ್ಷ ಬೇಜಾರು. ನಮ್ಮ ತಲೆಯ ಮೇಲೇ ಇನ್ನೊಬ್ಬರು ಹೀಗೆ ಕೂತಿದ್ದರು ಎಂಬುದು ನನಗೆ ಹೊಳೆದೇ ಇರಲಿಲ್ಲ. ಈ ಪದ್ಧತಿ ನನಗೆ ಹಿಡಿಸುವುದಿಲ್ಲ ಮಕ್ಕಳೇ, ಬರೆದೇ ಹೇಳುತ್ತೇನೆ. ಆದರೆ ಆ ಹೊತ್ತಿನಲ್ಲಿ ನಾನು ಅವರಿಗೆ ಏನೂ ಹೇಳಲಿಲ್ಲ. "ಆಗಲಿ" ಅಂದೆ.

ಸಂಜೆ ಟೆರೇಸಿನಲ್ಲಿ ನಲವತ್ತು ಜನ. ಕಬ್ಬಿನ ಜಲ್ಲೆಗಳನ್ನು ನೀರಿನ ಟ್ಯಾಂಕಿಗೆ ಒರಗಿಸಿದ್ದರು. ಎರಡು ವರ್ಷದ ಪುಟ್ಟನಿಗೆ ಮಣೆ ಹಾಕಿ ಕರಿ ಎರೆದರು. ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ತಲೆಯ ಮೇಲಿಂದ ಸುರಿದಾಗ ಅವನು ಅತ್ತ, ಮಿಕ್ಕ ಮಕ್ಕಳೆಲ್ಲ ಕಾಸಿಗೆ ಬಿದ್ದರು. ವಾಚ್‌ಮನ್ನನ ಮಗ ಹನ್ನೊಂದು ರೂಪಾಯಿ ಹೆಕ್ಕಿದ. ನಾವು ಮೂವರು ಮುದುಕರು ತಟ್ಟೆ ಹಿಡಿದು ಎಳ್ಳು ಬೀರಿದೆವು. ಕೆಲವರು ನಕ್ಕರು, ಎಲ್ಲರೂ ತೆಗೆದುಕೊಂಡರು.

ಆಗ ಆ ಐದನೇ ಕ್ಲಾಸಿನವಳು ಸುತ್ತ ನೋಡಿ, "ತಾತ, ಪಾಕದ ಅಜ್ಜಿ ಎಲ್ಲಿ?" ಅಂದಳು. ನಾನು ಮಾತು ಹುಡುಕುವಷ್ಟರಲ್ಲಿ ತಟ್ಟೆಗೆ ಎಳ್ಳು, ಬಾಳೆಹಣ್ಣು, ಕಬ್ಬು, ಕುಂಕುಮದ ಬಟ್ಟಲು ಎಲ್ಲ ಜೋಡಿಸಿಕೊಂಡು ಮೆಟ್ಟಿಲು ಇಳಿದಾಗಿತ್ತು. ಅವಳ ತಾಯಿ ಒಂದು ಹೆಜ್ಜೆ ಮುಂದಿಟ್ಟು ನಿಂತರು. ತಡೆಯಲಿಲ್ಲ. ನಾನು ಹಿಂದೆಯೇ ಹೋದೆ, ಮಂಡಿ ಹಿಡಿದುಕೊಂಡು.

ಬೆಲ್ಲು ಮೂರು ಸಲ ಹೊಡೆದ ಮೇಲೆ ಬಾಗಿಲು ತೆರೆಯಿತು. ಹುಡುಗಿ ಮೊದಲು ಚಾಚಿದ್ದೇ ಕುಂಕುಮದ ಬಟ್ಟಲು. ಅಜ್ಜಿ ಅದನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬೆರಳು ಅದ್ದಿ ಹುಡುಗಿಯ ಹಣೆಗೇ ಇಟ್ಟರು. ಸೆರಗು ಒಡ್ಡಿ ಎಳ್ಳು ಹಾಕಿಸಿಕೊಂಡರು. ತಟ್ಟೆಯ ಮೂಲೆಯಲ್ಲಿ ನಾನು ಬೇರೆ ಇಟ್ಟಿದ್ದ ಕುತ್ತಿಗೆಯಿಲ್ಲದ ನವಿಲು, ಅದು ಹೇಗೆ ಅಲ್ಲಿಗೆ ಬಂತೋ!

"ಇದು ನಿಮ್ಮ ಮೊದಲನೇ ಒಬ್ಬೆ ಅಲ್ವೇನ್ರೀ?" ಎಂದು ಅದನ್ನೇ ಎತ್ತಿಕೊಂಡು ಬಾಯಿಗೆ ಹಾಕಿಕೊಂಡರು. "ಒಳಗೆ ಬನ್ನಿ, ನನ್ನ ಹತ್ತಿರಾನೂ ಎಳ್ಳಿದೆ." ಡಬ್ಬಿಯಲ್ಲಿ ನಿಜಕ್ಕೂ ಇತ್ತು. ಹೊಸದಾಗಿ ಹುರಿದದ್ದು, ಬೆಲ್ಲ ಒಂದೇ ಅಳತೆಗೆ ಕತ್ತರಿಸಿದ್ದು. ಬಾಗಿಲು ಹಾಕಿಕೊಂಡೇ ಪ್ರತಿ ವರ್ಷವೂ ಮಾಡುತ್ತಿದ್ದರಂತೆ.

ಮಾರನೇ ದಿನ ಅಚ್ಚುಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಿದೆ. ಬಿಸಿಲಿಗೆ ಇಟ್ಟರೆ ಮರ ಸೀಳುತ್ತದೆ ಎಂದು ಅಜ್ಜಿ ಎರಡು ಸಲ ಹೇಳಿ ಕಳಿಸಿದ್ದರು. ಅದೇ ಸೀರೆಯಲ್ಲಿ ಗಂಟು ಕಟ್ಟಿ, ಅಟ್ಟಕ್ಕೆ ಏರಿಸದೆ, ಅಡಿಗೆಮನೆಯ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದೇನೆ.