‘ವರ್ಕ್’ ಎಂಬ ಒಂದು ಮಾತು

ಇಂಗ್ಲಿಷಿನ ‘ವರ್ಕ್’ ಎಂಬ ಕ್ರಿಯಾಪದಕ್ಕೆ ‘ಕೆಲಸ ಮಾಡು’ ಎಂದು ಹೇಳಿ ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಆದರೆ ಅವರಲ್ಲಿ ಔಷಧವೂ ‘ವರ್ಕ್’ ಮಾಡುತ್ತದೆ, ಯಂತ್ರವೂ ಮಾಡುತ್ತದೆ, ಉಪಾಯವೂ ಮಾಡುತ್ತದೆ. ಕನ್ನಡದಲ್ಲಿ ಮದ್ದು ನಾಟುತ್ತದೆ, ಯಂತ್ರ ಓಡುತ್ತದೆ, ಉಪಾಯ ಫಲಿಸುತ್ತದೆ.

ತೊಡಕು ಹೆಚ್ಚಿರುವುದು ಭೌತವಿಜ್ಞಾನದಲ್ಲಿ. ಅಲ್ಲಿ ಬಲದ ದಿಕ್ಕಿನಲ್ಲಿ ವಸ್ತು ಚಲಿಸಿದರೆ ಮಾತ್ರ ‘ವರ್ಕ್’. 10 ಕಿಲೋಗ್ರಾಂ ಅದಿರನ್ನು ಒಂದು ಮೀಟರು ಮೇಲೆತ್ತಿದರೆ ಸುಮಾರು 98 ಜೂಲ್. ಹಾಗೆಯೇ ಎತ್ತಿ ಹಿಡಿದು ಗಂಟೆಗಟ್ಟಲೆ ನಿಂತರೆ ಆ ಹೊರೆಯ ಮೇಲೆ ನಡೆದದ್ದು ಸೊನ್ನೆ. ಇದನ್ನು ‘ಕೆಲಸ’ವೆಂದು ಪಾಠ ಹೇಳಿದ ದಿನ ರಾಬರ್ಟ್‌ಸನ್‌ಪೇಟೆಯ ನನ್ನ ತರಗತಿಯಲ್ಲಿ, 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ಕಾರ್ಮಿಕನೊಬ್ಬನ ಮೊಮ್ಮಗ ಎದ್ದುನಿಂತ. “ಸಾರ್, ಚಾಂಪಿಯನ್ ರೀಫಿನ ಆಳದಲ್ಲಿ ದಿಮ್ಮಿಗೆ ಹೆಗಲುಕೊಟ್ಟು ನಿಂತಿರುತ್ತಿದ್ದ ನಮ್ಮ ತಾತ ಕೆಲಸ ಮಾಡಲಿಲ್ಲವೆ?”

ಉತ್ತರವೇನೋ ಉಂಟು. ನಿಂತವನ ಸ್ನಾಯುತಂತುಗಳು ಎಡೆಬಿಡದೆ ಸಂಕುಚಿಸುತ್ತ ಶಕ್ತಿಯನ್ನು ವ್ಯಯಿಸುತ್ತವೆ; ಅದು ಶಾಖವಾಗಿ ಹೋಗುತ್ತದೆ. ದಣಿವು ಸುಳ್ಳಲ್ಲ. ಆದರೂ ಹುಡುಗನ ಮುಖ ಸಪ್ಪಗೇ ಇತ್ತು. ತಪ್ಪು ನಾವು ಆರಿಸಿದ ಪದದ್ದು. ಪಠ್ಯಗಳಲ್ಲೆಲ್ಲ ‘ಕಾರ್ಯ’ ಎಂಬುದನ್ನೇ ಬಳಸಿ, ‘ಕೆಲಸ’ವನ್ನು ದುಡಿದವರಿಗೇ ಬಿಡುವುದು ಲೇಸೆಂದು ನನ್ನ ಮತ. ‘ಕಾರ್ಯ’ವೆಂದರೆ ಮದುವೆ ಮುಂಜಿಗಳೆಂಬ ಅರ್ಥವೂ ಊರಲ್ಲಿ ಉಂಟು, ನಿಜ, ಅದರಿಂದ ಯಾರ ತಾತನಿಗೂ ಅವಮಾನವಾಗದು.