ಕೀಲಿಗೆ ದರಮಿತಿ ಇದೆ, ಬಿಲ್ಲಿಗೆ ಇಲ್ಲ

ನಮ್ಮ ಮಸೀದಿಗಳಲ್ಲಿ ಸಾಲಿನ ಬದಿಗೆ ಇಡುವ ಕುರ್ಚಿಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಮನೆಯೊಳಗೆ ಕುರ್ಚಿಯಲ್ಲಿ ಕೂತು ನಮಾಝ್ ಮಾಡುವ ಉಮ್ಮಂದಿರು ಎಷ್ಟು ಮಂದಿ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ನೋವು ತಡೆಯಲಾಗದೆ ಡಾಕ್ಟರರ ಬಳಿ ಹೋದಾಗ 'ಮಂಡಿ ಬದಲಾಯಿಸಬೇಕು' ಎನ್ನುತ್ತಾರೆ. ಅಲ್ಲಿಂದ ಮನೆಯಲ್ಲಿ ಎರಡೇ ಮಾತು: ಎಷ್ಟಾಗುತ್ತದೆ, ಯಾರು ಕೊಡುತ್ತಾರೆ? ಗಲ್ಫ್‌ನಲ್ಲಿರುವ ಮಗನಿಗೆ ಫೋನ್ ಹೋಗುತ್ತದೆ. ಇಲ್ಲದವರು ಜಮಾಅತ್‌ಗೆ ಅರ್ಜಿ ಕೊಡುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಸಹಾಯ ಕೇಳುತ್ತಾರೆ. ಹಣ ಹೊಂದಿಸುವ ಮೊದಲು ಕೇಳಬೇಕಾದ ಕೆಲವು ಪ್ರಶ್ನೆಗಳು ಮಾತ್ರ ಹಾಗೇ ಉಳಿದುಬಿಡುತ್ತವೆ.

ಮೊದಲು ದರದ ವಿಷಯ. 2017ರ ಆಗಸ್ಟ್ 16ರಂದು ರಾಷ್ಟ್ರೀಯ ಔಷಧ ದರ ನಿಗದಿ ಪ್ರಾಧಿಕಾರವು ಕೃತಕ ಮಂಡಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಅದುವರೆಗೆ ಸರಾಸರಿ 1,58,324 ರೂ.ಗೆ ಮಾರಾಟವಾಗುತ್ತಿದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿಯ ದರ 54,720 ರೂ.ಗೆ ಇಳಿಯಿತು. ಸುಮಾರು ಎರಡೂವರೆ ಲಕ್ಷ ಇದ್ದ ಟೈಟಾನಿಯಂ ಮಂಡಿಗೆ 76,600 ರೂ. ಆಯಿತು. ಜಿಎಸ್‌ಟಿ ಬೇರೆ. ನಂತರವೂ ಈ ಮಿತಿಯನ್ನು ಹಲವು ಬಾರಿ ಮುಂದುವರಿಸಲಾಯಿತು.

ಆದರೆ ಈ ಮಿತಿ ಇರುವುದು ಒಳಗೆ ಕೂರಿಸುವ ಮಂಡಿಗೆ ಮಾತ್ರ. ಸರ್ಜನ್ ಶುಲ್ಕ, ಆಪರೇಷನ್ ಥಿಯೇಟರ್, ಅರಿವಳಿಕೆ, ರೂಮು, ಔಷಧಿ ಯಾವುದೂ ಆ ಆದೇಶದೊಳಗೆ ಬರುವುದಿಲ್ಲ. ಸೊಂಟದ ಕೀಲೂ ಅದರಲ್ಲಿ ಸೇರಿಲ್ಲ. 'ಪ್ಯಾಕೇಜ್ ಇಷ್ಟು' ಎಂದು ಒಂದೇ ಮೊತ್ತ ಹೇಳಿದಾಗ ಅದರಲ್ಲಿ ಮಂಡಿಗೆಷ್ಟು, ಉಳಿದದ್ದಕ್ಕೆಷ್ಟು ಎಂದು ಬಿಡಿಸಿ ಕೇಳಿ. ಮಂಡಿಯ ಬೆಲೆ, ಕಂಪೆನಿಯ ಹೆಸರು, ಬ್ಯಾಚ್ ನಂಬರ್ ಎಲ್ಲವನ್ನೂ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಯಬೇಕೆಂದು ಅದೇ ಆದೇಶ ಹೇಳಿದೆ. ಕೇಳಲು ಸಂಕೋಚ ಬೇಡ, ಅದು ನಮ್ಮ ಹಕ್ಕು.

ಆ ಬ್ಯಾಚ್ ನಂಬರ್ ಯಾಕೆ ಮುಖ್ಯ ಎಂಬುದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಜಾನ್ಸನ್ ಆ್ಯಂಡ್ ಜಾನ್ಸನ್‌ನ ಅಂಗಸಂಸ್ಥೆ ಡೆಪ್ಯೂ ತಯಾರಿಸಿದ ಎಎಸ್‌ಆರ್ ಎಂಬ ಸೊಂಟದ ಕೀಲಿನಲ್ಲಿ ಲೋಹಕ್ಕೆ ಲೋಹ ಉಜ್ಜಿ, ಅದರ ಪುಡಿ ದೇಹ ಸೇರುತ್ತಿತ್ತು. 2010ರಲ್ಲಿ ಕಂಪೆನಿ ಅದನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ನಮ್ಮ ದೇಶದಲ್ಲಿ ಸುಮಾರು 4,700 ಆಪರೇಷನ್‌ಗಳಲ್ಲಿ ಅದನ್ನು ಹಾಕಲಾಗಿತ್ತು. 2018ರಲ್ಲಿ ಕೇಂದ್ರ ಸರಕಾರ 30 ಲಕ್ಷದಿಂದ 1.23 ಕೋಟಿ ರೂ.ವರೆಗಿನ ಪರಿಹಾರದ ಸೂತ್ರ ಒಪ್ಪಿತು. ಆದರೆ ಅದನ್ನು ಹಾಕಿಸಿಕೊಂಡವರಲ್ಲಿ ಬಹುಪಾಲು ಮಂದಿಯ ಗುರುತೇ ಸಿಕ್ಕಿರಲಿಲ್ಲ! ತನ್ನ ಮೈಯೊಳಗೆ ಯಾವ ಕಂಪೆನಿಯದ್ದು ಇದೆ ಎಂದು ಗೊತ್ತಿಲ್ಲದವರು ಪರಿಹಾರ ಕೇಳುವುದು ಹೇಗೆ? ಹಾಗಾಗಿ ಡಿಸ್ಚಾರ್ಜ್ ಕಾಗದ ಮತ್ತು ಕೀಲಿನ ಸ್ಟಿಕ್ಕರ್ ಮನೆಯ ಪಟ್ಟೆ, ಪಾಸ್‌ಪೋರ್ಟ್ ಜೊತೆಗೇ ಇರಲಿ.

ಈಗ ಜಾಹೀರಾತುಗಳಲ್ಲಿ ಹೆಚ್ಚು ಕಾಣುವ ಪದ ರೋಬೋಟ್. ರೋಬೋಟ್ ತಾನಾಗಿ ಆಪರೇಷನ್ ಮಾಡುವುದಿಲ್ಲ. ಮೂಳೆಯನ್ನು ಲೆಕ್ಕದ ಪ್ರಕಾರ ನಿಖರವಾಗಿ ಕತ್ತರಿಸಲು ಸರ್ಜನ್‌ಗೆ ಸಹಾಯ ಮಾಡುತ್ತದೆ. ಅದರಿಂದ ವರ್ಷಗಳ ನಂತರ ನಡಿಗೆ ಮಾಮೂಲಿ ಆಪರೇಷನ್‌ಗಿಂತ ಬಹಳ ಉತ್ತಮವಾಗುತ್ತದೆ ಎಂಬುದು ಇನ್ನೂ ಖಚಿತವಾಗಿ ಸಾಬೀತಾಗಿಲ್ಲ. ಅದಕ್ಕಾಗಿಯೇ ಸಾಲ ಮಾಡಬೇಕಾಗಿಲ್ಲ. ಇಂತಹ ಆಪರೇಷನ್ ನಿತ್ಯ ಮಾಡಿ ಕೈ ಪಳಗಿದ ಸರ್ಜನ್ ಸಿಗುವುದು ಹೆಚ್ಚು ಮುಖ್ಯ.

ಎಲ್ಲರಿಗೂ ಇಡೀ ಮಂಡಿ ಬದಲಾಯಿಸಬೇಕೆಂದೂ ಇಲ್ಲ. ಒಂದು ಬದಿ ಮಾತ್ರ ಸವೆದಿದ್ದರೆ ಕೆಲವರಿಗೆ ಅಷ್ಟನ್ನೇ ಬದಲಾಯಿಸಬಹುದು. ತೂಕ ಇಳಿಸುವುದು, ತೊಡೆಯ ಸ್ನಾಯುಗಳಿಗೆ ವ್ಯಾಯಾಮ, ಔಷಧಿ, ಇವುಗಳಿಂದ ಕೆಲವು ವರ್ಷ ಚೆನ್ನಾಗಿ ಕಳೆಯುವವರಿದ್ದಾರೆ. ರಾತ್ರಿ ನಿದ್ದೆ ಬಾರದಷ್ಟು ನೋವು, ಮನೆಯೊಳಗೇ ನಡೆಯಲಾಗದ ಸ್ಥಿತಿ ಬಂದ ಮೇಲೂ 'ವಯಸ್ಸಾಯಿತಲ್ಲ' ಎಂದು ತಳ್ಳಿಹಾಕುವುದು ಮಾತ್ರ ಅನ್ಯಾಯ.

ಬಾಳಿಕೆ ಎಷ್ಟು? 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, ಪೂರ್ತಿ ಬದಲಾಯಿಸಿದ ಮಂಡಿಗಳಲ್ಲಿ 100ರಲ್ಲಿ ಸುಮಾರು 82, ಸೊಂಟದ ಕೀಲುಗಳಲ್ಲಿ ಸುಮಾರು 58 ಇಪ್ಪತ್ತೈದು ವರ್ಷ ಬಾಳುತ್ತವೆ. ಅರುವತ್ತೈದರ ಉಮ್ಮನಿಗೆ ಒಂದೇ ಆಪರೇಷನ್ ಸಾಕಾಗಬಹುದು. ಐವತ್ತರೊಳಗಿನವರಿಗೆ ಮತ್ತೊಮ್ಮೆ ಬೇಕಾಗುವ ಸಾಧ್ಯತೆ ಹೆಚ್ಚು, ಎರಡನೆಯದಕ್ಕೆ ಖರ್ಚೂ ಕಷ್ಟವೂ ಜಾಸ್ತಿ.

ಯುವಕರು ಸೊಂಟದ ಬಗ್ಗೆ ಒಂದು ವಿಷಯ ತಿಳಿದಿರಬೇಕು. ಮೂವತ್ತು, ನಲುವತ್ತರಲ್ಲೇ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ಕಡಿಮೆಯಾಗಿ ಅದು ಕುಸಿಯುವ ಕಾಯಿಲೆ ಇದೆ. ಬಹಳ ಕಾಲ ಸ್ಟಿರಾಯ್ಡ್ ತೆಗೆದುಕೊಂಡವರಲ್ಲಿ ಇದು ಹೆಚ್ಚು. ತೊಡೆಸಂದಿಯ ನೋವನ್ನು ಬೆನ್ನುನೋವೆಂದು ಬಗೆದು ಗುಳಿಗೆ ನುಂಗುತ್ತಾ ದಿನ ಕಳೆಯುತ್ತಾರೆ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣದಿದ್ದರೂ ಎಂಆರ್‌ಐಯಲ್ಲಿ ಗೊತ್ತಾಗುತ್ತದೆ. ಆಗಲೇ ಹಿಡಿದರೆ ಕೀಲು ಉಳಿಸಿಕೊಳ್ಳುವ ಅವಕಾಶವಿದೆ.

ಹಣದ ದಾರಿ ಹುಡುಕುವಾಗ ಮೊದಲು ಸರಕಾರಿ ಬಾಗಿಲು ತಟ್ಟಬೇಕು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷ ರೂ.ವರೆಗೆ ನೆರವು ಇದೆ. ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಮಂಗಳೂರಿನವರಿಗೆ ಅಂದರೆ ವೆನ್ಲಾಕ್. ಯಾವ ಆಪರೇಷನ್ ಯಾವ ಆಸ್ಪತ್ರೆಯಲ್ಲಿ ಯೋಜನೆಯಡಿ ಸಿಗುತ್ತದೆ ಎಂದು ಅಲ್ಲಿನ ಆರೋಗ್ಯ ಮಿತ್ರರನ್ನು ದಾಖಲಾಗುವ ಮೊದಲೇ ಕೇಳಿ. ಎಲ್ಲ ಮುಗಿದ ಮೇಲೆ ಕಾರ್ಡ್ ತೋರಿಸಿ ಪ್ರಯೋಜನವಿಲ್ಲ. ಜಮಾಅತ್‌ನವರೂ ಅರ್ಜಿ ಬಂದ ಕೂಡಲೇ ಹಣ ಕೊಡುವ ಬದಲು ಒಬ್ಬ ತಿಳಿದ ಯುವಕನನ್ನು ಜೊತೆಗೆ ವೆನ್ಲಾಕ್‌ಗೆ ಕಳುಹಿಸಿದರೆ, ಉಳಿದ ಹಣ ಇನ್ನೊಂದು ಮನೆಗೆ ಆಗುತ್ತದೆ.

'ಆಪರೇಷನ್ ಆದರೆ ಸುಜೂದ್ ಮಾಡಲಾಗದು' ಎಂಬ ಅಂಜಿಕೆಯಿಂದ ಮುಂದೂಡುವವರೂ ಇದ್ದಾರೆ. ನೆಲದಲ್ಲಿ ಕುಳಿತುಕೊಳ್ಳಬೇಡಿ, ಹೆಚ್ಚು ಬಗ್ಗಬೇಡಿ ಎಂದು ಡಾಕ್ಟರರು ಹೇಳುವುದು ನಿಜ. ನಿಲ್ಲಲಾಗದವರು ಕುಳಿತು, ಅದೂ ಆಗದವರು ಮಲಗಿ ನಮಾಝ್ ಮಾಡಲು ಶರೀಅತ್ ಅನುಮತಿ ಕೊಟ್ಟಿದೆ. ನಡೆಯಲಾರದವರು ಆಪರೇಷನ್ ನಂತರ ನಡೆಯುವಂತಾದರೆ ಮಸೀದಿಗೂ ಹೋಗಬಹುದು, ಹಜ್ಜ್‌ಗೂ ಹೋಗಬಹುದು. ಸಫಾ-ಮರ್ವಾ ಏಳು ಸುತ್ತೇ ಸುಮಾರು ಮೂರು ಕಿಲೋಮೀಟರ್ ನಡಿಗೆ. ಸಜ್ಜಾಗಲು ತಿಂಗಳುಗಳು ಬೇಕು, ಹೊರಡುವ ಹಿಂದಿನ ವಾರ ಡಾಕ್ಟರರನ್ನು ಕಂಡರೆ ಆಗದು.

ಕೊನೆಯದಾಗಿ, ಗಂಡಸರಿಗೆ ಒಂದು ಮಾತು. ಆಪರೇಷನ್‌ಗೆ ಮೊದಲು ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು, ಇಲ್ಲದಿದ್ದರೆ ಸೋಂಕಿನ ಭಯ ಜಾಸ್ತಿ. ಆಪರೇಷನ್ ಆದ ಒಂದೆರಡು ದಿನದಲ್ಲೇ ನಡೆಸುತ್ತಾರೆ, ನಂತರ ವಾರಗಟ್ಟಲೆ ಫಿಸಿಯೊಥೆರಪಿ ಬೇಕು. ಲಕ್ಷಗಟ್ಟಲೆ ಖರ್ಚು ಮಾಡಿ, ಹದಿನೈದನೇ ದಿನಕ್ಕೆ ಉಮ್ಮನನ್ನು ಮತ್ತೆ ಒಲೆಯ ಮುಂದೆ ನಿಲ್ಲಿಸಿದರೆ ಆ ಹಣ ನೀರಿಗೆ ಹಾಕಿದಂತೆ. ಮನೆಯ ಅಡುಗೆ ಎರಡು ತಿಂಗಳು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಆಪರೇಷನ್‌ನ ತಾರೀಕು ಗೊತ್ತು ಮಾಡುವ ದಿನವೇ ಕೂತು ತೀರ್ಮಾನಿಸಿ.