ಗೆದ್ದವರ ಪಟ್ಟಿಯಿಲ್ಲದ ಸ್ಪರ್ಧೆ

ಗದ್ದೆಯಲ್ಲಿ ನಾಟಿ ಮುಗಿದು, ಮಳೆ ತುಸು ಬಿಡುವು ಕೊಡುವ ಹೊತ್ತಿಗೆ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ. ಮನೆಯ ಕೋವಿ, ಕತ್ತಿಗಳನ್ನು ಒರೆಸಿ, ತೋಕ್‌ಪೂ ಮುಡಿಸಿ, ಪೂಜೆ ಮಾಡಿ, ಕಡಂಬುಟ್ಟಿನ ಊಟ ಮುಗಿಸಿದ ಮೇಲೆ ಊರವರು ಮಂದ್‌ನಲ್ಲಿ ಸೇರುತ್ತಾರೆ. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ಆರಂಭವಾಗುತ್ತದೆ. ಕಾಯಿ ಒಡೆದರೆ ಚಪ್ಪಾಳೆ, ತಪ್ಪಿದರೆ ನಗು.

ಇದರಲ್ಲೊಂದು ಸೊಗಸಿದೆ, ಒಂದು ಕೊರತೆಯೂ ಇದೆ. ಒಬ್ಬನ ಕೈಚಳಕವನ್ನು ಇಡೀ ಊರು ಎದುರು ನಿಂತು ನೋಡಿ ಒಪ್ಪಿಕೊಳ್ಳುತ್ತದಲ್ಲ, ಅದು ಸೊಗಸು. ಆದರೆ ಕಾಯಿ ಒಡೆಯುವವನು ಒಬ್ಬನೇ. ಉಳಿದವರು ಬರಿಗೈಯಲ್ಲಿ ಮನೆಗೆ ಮರಳಬೇಕು. ಇಂದಿನ ಶಾಲಾ ಪರೀಕ್ಷೆಗಳ ಕತೆಯೂ ಇದೇ. ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಯಲ್ಲಿ ಫೋಟೊ ಬರುವುದು ನಾಲ್ಕಾರು ಮಕ್ಕಳದು. ಹಾಗಾದರೆ ಮಿಕ್ಕವರು ಏನನ್ನೂ ಸಾಧಿಸಿಲ್ಲವೇ?

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಒಕ್ಕಾಲಿಗೆ ಅಂಕಪಟ್ಟಿ ಇದೆ. ಮುಕ್ಕಾಲಿಗೆ ಏನಿದೆ? ಹೇಳಿದ ಹೊತ್ತಿಗೆ ಬರುವುದು, ಹಿಡಿದ ಕೆಲಸ ಬಿಡದಿರುವುದು, ನಾಲ್ಕು ಜನರೊಡನೆ ಹೊಂದಿಕೊಳ್ಳುವುದು, ಕಷ್ಟ ಬಂದಾಗ ಕೈಕಾಲು ಬಿಡದಿರುವುದು – ಇವನ್ನು ಅಳೆಯುವ ಅಳತೆಗೋಲು ಯಾವುದು?

ಈ ಪ್ರಶ್ನೆಯನ್ನು ಗಂಭೀರವಾಗಿ ಹಿಡಿದವರಲ್ಲಿ ಕುರ್ಟ್ ಹಾನ್ ಎಂಬ ಜರ್ಮನಿಯ ಶಿಕ್ಷಕ ಒಬ್ಬರು. ಹಿಟ್ಲರನನ್ನು ವಿರೋಧಿಸಿ 1933ರಲ್ಲಿ ಸೆರೆಮನೆ ಕಂಡು, ಬಳಿಕ ಬ್ರಿಟನ್ನಿಗೆ ಹೋಗಿ, 1934ರಲ್ಲಿ ಸ್ಕಾಟ್ಲೆಂಡಿನ ಗಾರ್ಡನ್‌ಸ್ಟೌನ್‌ನಲ್ಲಿ ಶಾಲೆ ತೆರೆದವರು. ಹೊಸ ಕಾಲದ ಸೌಕರ್ಯಗಳ ನಡುವೆ ಮಕ್ಕಳ ಮೈಕಸು, ಕೈಗೆಲಸದ ಶ್ರದ್ಧೆ, ಆತ್ಮಸಂಯಮ, ಪರರ ಬಗೆಗಿನ ಕನಿಕರ ಎಲ್ಲವೂ ಸವೆಯುತ್ತಿವೆ ಎಂಬುದು ಅವರ ಚಿಂತೆಯಾಗಿತ್ತು. ಅವರ ಶಿಷ್ಯರಲ್ಲೊಬ್ಬರು ಎಡಿನ್‌ಬರೋದ ಡ್ಯೂಕ್ ಫಿಲಿಪ್. ಗುರುವಿನ ಒತ್ತಾಸೆಯಿಂದ ಫಿಲಿಪ್ 1956ರಲ್ಲಿ ಯುವಜನರಿಗಾಗಿ ಒಂದು ಪ್ರಶಸ್ತಿ ಯೋಜನೆ ಆರಂಭಿಸಿದರು. ಅದರ ಮೊದಲ ಹೊಣೆ ಹೊತ್ತವರು 1953ರ ಎವರೆಸ್ಟ್ ತಂಡದ ನಾಯಕ ಜಾನ್ ಹಂಟ್. 1962ರಲ್ಲಿ ಅದು ಭಾರತಕ್ಕೂ ಬಂತು. ‘ಇಂಟರ್‌ನ್ಯಾಷನಲ್ ಅವಾರ್ಡ್ ಫಾರ್ ಯಂಗ್ ಪೀಪಲ್’ ಎಂಬುದು ಇಲ್ಲಿ ಅದರ ಹೆಸರು.

ಪ್ರಶಸ್ತಿ ಎಂದೊಡನೆ ಸ್ಪರ್ಧೆ, ತೀರ್ಪುಗಾರರು ಎಂದುಕೊಳ್ಳಬೇಡಿ. ಇಲ್ಲಿ ಯಾರೂ ಯಾರನ್ನೂ ಸೋಲಿಸುವುದಿಲ್ಲ. ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಮೆಟ್ಟಿಲು. ಸೇರಲು 14 ವರ್ಷ ತುಂಬಿರಬೇಕು, 25ರೊಳಗೆ ಮುಗಿಸಬೇಕು. ಪ್ರತಿ ಮೆಟ್ಟಿಲಲ್ಲೂ ನಾಲ್ಕು ಕೆಲಸ: ಸಮಾಜಸೇವೆ, ಒಂದು ಕೌಶಲ, ದೇಹದಾರ್ಢ್ಯ, ಒಂದು ಸಾಹಸ ಪಯಣ. ವಾರಕ್ಕೆ ಸುಮಾರು ಒಂದು ಗಂಟೆಯಂತೆ, ಕಂಚಿಗೆ ತಿಂಗಳುಗಟ್ಟಲೆ, ಚಿನ್ನಕ್ಕೆ ವರ್ಷಗಟ್ಟಲೆ ತಪ್ಪದೆ ಮಾಡಬೇಕು. ಚಿನ್ನಕ್ಕೆ ಅಪರಿಚಿತರ ಜೊತೆ ಕೆಲವು ದಿನ ಒಟ್ಟಿಗಿದ್ದು ಮಾಡುವ ಕೆಲಸವೂ ಸೇರುತ್ತದೆ. ನಿನ್ನೆಯ ನಿಮಗಿಂತ ಇಂದಿನ ನೀವು ಒಂದು ಹೆಜ್ಜೆ ಮುಂದೆ ಇದ್ದೀರಾ ಎಂಬುದಷ್ಟೇ ಲೆಕ್ಕ. ಆದ್ದರಿಂದಲೇ ಓಟದಲ್ಲಿ ಹಿಂದುಳಿಯುವ ಮಗುವೂ, ಕಾಲು ಊನವಾದ ಮಗುವೂ ಇಲ್ಲಿ ಚಿನ್ನ ಪಡೆಯಬಹುದು.

ಇದನ್ನು ಕೊಡಗಿನ ಮಣ್ಣಿಗಿಳಿಸಿ ನೋಡೋಣ. ಭಾಗಮಂಡಲದ ಕಡೆಯ ಹುಡುಗಿಯೊಬ್ಬಳು ಕೌಶಲಕ್ಕೆಂದು ಜೇನು ಸಾಕಣೆ ಆರಿಸಿಕೊಂಡಳು ಎನ್ನಿ. ಪೆಟ್ಟಿಗೆಗೆ ಇರುವೆ ಹತ್ತದಂತೆ ನೋಡಿಕೊಳ್ಳಬೇಕು, ಜಡಿಮಳೆಯ ತಿಂಗಳುಗಳಲ್ಲಿ ಸಕ್ಕರೆ ಪಾಕ ಇಡಬೇಕು, ವಾರಕ್ಕೊಮ್ಮೆ ಎರಿ ನೋಡಿ ಬರೆದಿಡಬೇಕು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ಜೇನು ಕುಟುಂಬಗಳನ್ನು ಬಹುಪಾಲು ನಾಶ ಮಾಡಿದಾಗ, ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದವರೇ ಹೆಚ್ಚು. ಅಂಥ ಕಸುಬನ್ನು ಹದಿನೈದರ ಹುಡುಗಿ ಆರು ತಿಂಗಳು ಬಿಡದೆ ಮಾಡಿದಳೆಂದರೆ ಅವಳು ಕಲಿತದ್ದು ಜೇನಿನ ವಿದ್ಯೆ ಮಾತ್ರವಲ್ಲ. ತಾಳ್ಮೆ, ಲೆಕ್ಕ, ನಷ್ಟ ತಾಳಿಕೊಳ್ಳುವ ಗುಣ ಎಲ್ಲವೂ ಜೊತೆಗೆ ಬಂದವು. ಸಾಹಸ ಪಯಣಕ್ಕೋ, 1,748 ಮೀಟರ್ ಎತ್ತರದ ತಡಿಯಂಡಮೋಳ್ ಇದೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ತಂಡ ಕಟ್ಟಿ, ನೀರು ಬುತ್ತಿಯ ಲೆಕ್ಕ ಹಾಕಿ ಹೊರಡುವುದೇ ಒಂದು ಪಾಠ.

ವಿದೇಶದಲ್ಲಿ ಹುಟ್ಟಿದ ಯೋಜನೆ ಬೇಡವೆನ್ನುವವರಿಗೆ ಸ್ವದೇಶದಲ್ಲೇ ಕಟ್ಟಿಕೊಂಡವು ಸಾಕಷ್ಟಿವೆ. 1950ರಲ್ಲಿ ರೂಪುಗೊಂಡ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ ಎಂದು ಏರುತ್ತಾ ರಾಷ್ಟ್ರಪತಿ ಪುರಸ್ಕಾರದವರೆಗೆ ಹೋಗಬಹುದು. 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಮತ್ತು ಏಳು ದಿನಗಳ ಶಿಬಿರ ಕೇಳುತ್ತದೆ. 1948ರ ಕಾಯ್ದೆಯಿಂದ ಹುಟ್ಟಿದ ಎನ್.ಸಿ.ಸಿ.ಯಲ್ಲಿ ‘ಎ’, ‘ಬಿ’, ‘ಸಿ’ ಪ್ರಮಾಣಪತ್ರಗಳ ಏಣಿ ಇದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹಾಗೂ ಜನರಲ್ ತಿಮ್ಮಯ್ಯನವರ ನಾಡಿನಲ್ಲಿ ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪದವಿಯ ಜೊತೆ ‘ಸಿ’ ಪ್ರಮಾಣಪತ್ರವನ್ನು ಒಳ್ಳೆಯ ಶ್ರೇಣಿಯಲ್ಲಿ ಪಡೆದವರು ಸೈನ್ಯದ ವಿಶೇಷ ಪ್ರವೇಶದ ಮೂಲಕ, ಲಿಖಿತ ಪರೀಕ್ಷೆಯಿಲ್ಲದೆ, ನೇರವಾಗಿ ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಹೋಗಬಹುದು. ಇದನ್ನು ತಿಳಿಯದೆ ಎರಡನೇ ವರ್ಷಕ್ಕೇ ಕೈಬಿಡುವವರು ಇದ್ದಾರೆ ಎಂಬುದೇ ಬೇಸರ.

ಇನ್ನು ಯಾವ ಪ್ರಮಾಣಪತ್ರವೂ ಇಲ್ಲದೆ ನಡೆಯುವ ಶಾಲೆಯೊಂದು ಕೊಡಗಿನಲ್ಲಿದೆ. ಅದೇ ಕೊಡವ ಕುಟುಂಬಗಳ ಹಾಕಿ ಹಬ್ಬ. ಪಾಂಡಂಡ ಕುಟ್ಟಪ್ಪನವರ ಕನಸಿನಂತೆ 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳಿಗೆ ಬೆಳೆದಿತ್ತು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವ ಸೊಗಸನ್ನು ಎಲ್ಲರೂ ನೋಡುತ್ತಾರೆ. ಕಣ್ಣಿಗೆ ಬೀಳದಿರುವುದು ಮೈದಾನದ ಆಚೆಗಿನ ಕೆಲಸ. ಹಬ್ಬದ ಹೊಣೆ ಹೊತ್ತ ಕುಟುಂಬದ ಯುವಕ ಯುವತಿಯರು ಮೈದಾನ ಸಜ್ಜು ಮಾಡಬೇಕು, ವೇಳಾಪಟ್ಟಿ ಹೊಂದಿಸಬೇಕು, ದೇಣಿಗೆಯ ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಬೇಕು, ಮುನಿದ ತಂಡದವರನ್ನು ಸಮಾಧಾನ ಮಾಡಬೇಕು. ಯಾವ ಮ್ಯಾನೇಜ್‌ಮೆಂಟ್ ಕಾಲೇಜು ಇದಕ್ಕಿಂತ ಹೆಚ್ಚು ಕಲಿಸೀತು? ಬೇರೆ ಸಮುದಾಯಗಳೂ ಇದೇ ಮಾದರಿಯಲ್ಲಿ ಕ್ರಿಕೆಟ್ ಪಂದ್ಯಾವಳಿ ನಡೆಸತೊಡಗಿದ್ದು ಸಂತೋಷದ ಸಂಗತಿ.

ಇಷ್ಟಾದರೂ ಮನೆಗಳಲ್ಲಿ ಕೇಳುವ ಮಾತು ಒಂದೇ. ‘ಪಪ್ಪಾ, ಹತ್ತು ದಿನ ಕ್ಯಾಂಪ್ ಇದೆ, ಹೋಗಲಾ?’ ಎಂದು ಮಗ ಕೇಳಿದರೆ, ‘ಪರೇಡ್ ಮಾಡಿದರೆ ಹೊಟ್ಟೆ ತುಂಬುತ್ತದೇನೋ? ಮೊದಲು ಟ್ಯೂಷನ್‌ಗೆ ಹೋಗು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ತಂದೆಯ ಆತಂಕ ಸುಳ್ಳಲ್ಲ. ಕಾಫಿಯ ಬೆಲೆ ಏರಿಳಿಯುವುದನ್ನೂ ಕರಿಮೆಣಸಿನ ಬಳ್ಳಿ ಸೊರಗುವುದನ್ನೂ ಕಂಡವರಿಗೆ ಮಗ ಒಂದು ನೌಕರಿ ಹಿಡಿದರೆ ಸಾಕೆನಿಸುವುದು ಸಹಜ. ಆದರೆ ನೌಕರಿ ಕೊಡುವವರು ಅಂಕಪಟ್ಟಿಯನ್ನು ಬದಿಗಿಟ್ಟು ಕೇಳುವ ಮೊದಲ ಪ್ರಶ್ನೆ ಯಾವುದು? ‘ಇದುವರೆಗೆ ಏನು ಮಾಡಿದ್ದೀಯಪ್ಪಾ?’ ಎಂಬುದೇ ತಾನೇ!

ನೌಕರಿಯ ಮಾತು ಹಾಗಿರಲಿ, ಜೀವದ ಮಾತೇ ಬಂದದ್ದೂ ಉಂಟು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲದ ಕಡೆ ಬೆಟ್ಟಗಳೇ ಕುಸಿದು ರಸ್ತೆ, ತೋಟ, ಮನೆಗಳು ಕೊಚ್ಚಿಹೋದವು. ಸೈನ್ಯ ಮತ್ತು ವಿಪತ್ತು ಪಡೆಗಳ ಜೊತೆಗೆ ಊರಿನ ಯುವಕರೂ ದುಡಿದರು. ಅಂಥ ಹೊತ್ತಿನಲ್ಲಿ ಬೇಕಾಗುವುದು ಏನು? ಜಾರದಂತೆ ಹಗ್ಗದ ಗಂಟು ಹಾಕುವುದು, ಮುರಿದ ಕೈಗೆ ಪಟ್ಟಿ ಕಟ್ಟುವುದು, ಎರಡು ಕೋಲು ಕಂಬಳಿಯಿಂದ ಡೋಲಿ ಮಾಡುವುದು, ಹೊರಟವರೆಷ್ಟು ಬಂದವರೆಷ್ಟು ಎಂದು ತಲೆ ಎಣಿಸುವುದು, ನೂರು ಜನರಿಗೆ ಗಂಜಿ ಬೇಯಿಸುವುದು. ಸ್ಕೌಟ್ಸ್ ಶಿಬಿರದಲ್ಲಿ ಹನ್ನೆರಡರ ಪೋರ ಆಟದಂತೆ ಕಲಿಯುವುದು ಇದನ್ನೇ ಅಲ್ಲವೇ? ಮಳೆಗಾಲವೆಂದರೆ ಎದೆ ಡವಗುಟ್ಟುವ ನಾಡಿನಲ್ಲಿ ಇವು ಬಿಡುವಿನ ವೇಳೆಯ ಹವ್ಯಾಸಗಳಲ್ಲ, ಬದುಕಿಗೆ ಬೇಕಾದ ವಿದ್ಯೆಗಳು.

ಇಲ್ಲೇ ಮುಖ್ಯ ಪ್ರಶ್ನೆ ಏಳುತ್ತದೆ. ಏಣಿಗಳೇನೋ ಇವೆ, ಮೊದಲ ಮೆಟ್ಟಿಲು ಎಲ್ಲರ ಕಾಲಿಗೆ ಎಟುಕುತ್ತಿದೆಯೇ? ಅಂತಾರಾಷ್ಟ್ರೀಯ ಪ್ರಶಸ್ತಿ ಹೆಚ್ಚಾಗಿ ಕಾಣುವುದು ನಗರಗಳ ಖಾಸಗಿ ಶಾಲೆಗಳಲ್ಲಿ. ಅದಕ್ಕೆ ಶುಲ್ಕವೂ ಉಂಟು. ಮಿಕ್ಕವಕ್ಕೆ ಶುಲ್ಕದ ಭಾರ ಕಡಿಮೆ, ಆದರೆ ಹೊತ್ತಿನ ಭಾರ ಇದೆ. ತೋಟದ ಲೈನ್‌ಮನೆಯ ಮಗುವಿಗೆ ಶಾಲೆ ಬಿಟ್ಟೊಡನೆ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸ. ಹಾಡಿಯ ಯರವ, ಜೇನುಕುರುಬ ಮಕ್ಕಳಿಗೆ ಕತ್ತಲಾಗುವ ಮುನ್ನ ಆನೆ ಓಡಾಡುವ ದಾರಿ ದಾಟಿ ಮನೆ ಸೇರುವ ಚಿಂತೆ. ಸಂಜೆ ಐದರ ತರಬೇತಿಗೆ ನಿಂತರೆ ಕೊನೆಯ ಬಸ್ಸು ತಪ್ಪುತ್ತದೆ. ವಿಚಿತ್ರವೆಂದರೆ, ಮರ ಹತ್ತುವುದರಲ್ಲಿ, ಕಾಡಿನ ಜಾಡು ಹಿಡಿಯುವುದರಲ್ಲಿ, ಜೇನು ಇಳಿಸುವುದರಲ್ಲಿ ಶಿಬಿರದ ತರಬೇತುದಾರರಿಗೇ ಪಾಠ ಹೇಳಬಲ್ಲ ಮಕ್ಕಳು ಇವರು. ಅವರ ವಿದ್ಯೆಗೆ ಪದಕದ ಹೆಸರಿಲ್ಲ, ಅಷ್ಟೇ.

ದಾರಿ ಇಲ್ಲವೆಂದಲ್ಲ. ತರಬೇತಿಯನ್ನು ಸಂಜೆಯಿಂದ ಶನಿವಾರದ ಬೆಳಿಗ್ಗೆಗೆ ತಂದರೆ ಬಸ್ಸಿನ ತೊಡಕು ತೀರುತ್ತದೆ. ಆಶ್ರಮ ಶಾಲೆ, ವಿದ್ಯಾರ್ಥಿನಿಲಯಗಳಲ್ಲಿ ಸ್ಕೌಟ್ಸ್ ದಳ ಆರಂಭಿಸಿದರೆ ಮಕ್ಕಳು ಇರುವಲ್ಲಿಗೇ ಏಣಿ ಹೋದಂತೆ. ಸೈನ್ಯದಿಂದ ನಿವೃತ್ತರಾಗಿ ಊರಿಗೆ ಮರಳಿದ ಸುಬೇದಾರರು, ಹವಾಲ್ದಾರರು ಕೊಡಗಿನಲ್ಲಿರುವಷ್ಟು ಬೇರೆಲ್ಲಿ ಸಿಕ್ಕಾರು? ವಾರಕ್ಕೆ ಎರಡು ಗಂಟೆ ಕೊಡಿ ಎಂದು ಮುಖ್ಯೋಪಾಧ್ಯಾಯರು ಮನೆಗೆ ಹೋಗಿ ಕೇಳಿದರೆ ಇಲ್ಲವೆನ್ನುವವರು ವಿರಳ. ಯಾವ ಯೋಜನೆಗೂ ಸೇರದ ಮಗುವಿಗಾದರೂ ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಈ ವಾರ ಯಾರಿಗೆ ನೆರವಾದೆ, ಏನು ಕಲಿತೆ, ಎಷ್ಟು ದೂರ ನಡೆದೆ, ಮೂರೇ ಸಾಲು ಬರೆದು ಶಿಕ್ಷಕರ ಸಹಿ ಪಡೆದರೆ ವರ್ಷದ ಕೊನೆಗೆ ಅದೇ ಅವನ ಪ್ರಮಾಣಪತ್ರ.

ಮುಂದಿನ ಜೂನ್‌ನಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಲು ಹೋಗುವ ತಂದೆತಾಯಂದಿರು ಶೇಕಡಾವಾರು ಫಲಿತಾಂಶದ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಲಿ: ‘ಸಾರ್, ನಿಮ್ಮಲ್ಲಿ ಸ್ಕೌಟ್ಸ್ ಇದೆಯೇ? ಎನ್.ಸಿ.ಸಿ. ಇದೆಯೇ? ದೂರದ ಮಕ್ಕಳೂ ಅದರಲ್ಲಿ ಇದ್ದಾರೆಯೇ?’ ಮೂರನೆಯ ಪ್ರಶ್ನೆಯನ್ನು ಮರೆಯಬಾರದು. ನಾಳೆ ಮಳೆಯಲ್ಲಿ ದಾರಿ ಮುಚ್ಚಿದಾಗ, ಮೊದಲು ಕೈ ಚಾಚಿ ಎತ್ತಿಕೊಳ್ಳುವವನು ಆ ದೂರದ ಮನೆಯ ಹುಡುಗನೇ ಆಗಿರಬಹುದು.